ಟೆಂಟಿನ ಗೃಹಪ್ರವೇಶ

ಅವರು ತೀರಿಕೊಂಡದ್ದು ಸೈಕಲ್ಲಿನಿಂದ ಬಿದ್ದು ಅಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳದಿದ್ದರೆ ಅವರು ನನ್ನನ್ನು ಕ್ಷಮಿಸುವುದಿಲ್ಲ. ಕಳೆದ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ತಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಸೈಕಲ್ಲು ಆಗ ಗರಾಜಿನಲ್ಲಿ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಅದರದೇನೂ ತಪ್ಪಿರಲಿಲ್ಲ.

ಮೂವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿದ ಹಿರಿಯ ಹೆಂಗಸು. ಹೆಸರು ಇಲ್ಲಿ ಬರೆಯುವುದಿಲ್ಲ. "ಎಕ್ಸ್‌ರೇ ತೆಗೆದೋರ ಹೆಸರು ಯಾರಿಗೆ ಬೇಕವ್ವ, ಮೂಳೆ ಸರಿಯಾಗಿ ಕಂಡ್ರೆ ಸಾಕು" ಎಂದು ಅವರೇ ಹೇಳುತ್ತಿದ್ದರು. ಮೂಳೆ ಸರಿಯಾಗಿ ಕಾಣುವ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ಓದು ಮುಗಿಸಿ ಮೊದಲ ಕೆಲಸಕ್ಕೆ ಪ್ಲೆಸೆಂಟನ್ನಿಗೆ ಬಂದಾಗ ಅವರ ಮನೆಯ ಹಿಂದಿನ ರೂಮನ್ನು ಬಾಡಿಗೆಗೆ ಹಿಡಿದೆ. ಬೇರೆ ಬಾಗಿಲು, ಬೇರೆ ಬೀಗ, ಒಬ್ಬರ ಸುದ್ದಿಗೆ ಒಬ್ಬರು ಹೋಗಬೇಕಾಗಿಲ್ಲ ಎಂಬುದೇ ನನಗೆ ಆ ರೂಮಿನಲ್ಲಿ ಹಿಡಿಸಿದ್ದು. ಸಾಮಾನು ಇಳಿಸುತ್ತಿದ್ದಾಗ ಅವರು ಹಿತ್ತಲಿನಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಾ ನನ್ನನ್ನೇ ನೋಡುತ್ತಿದ್ದರು. ಯಾವೂರು, ಯಾರ ಪೈಕಿ, ಮದುವೆ ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಯಾವಾಗ್ಲೂ ಎಡಗಡೆ ಭುಜಕ್ಕೇ ಬ್ಯಾಗ್ ಹಾಕ್ತೀಯಾ?"

"ಹೌದು."

"ಅರ್ಧ ಇಂಚು ಇಳಿದೈತೆ. ನಾಳೆಯಿಂದ ಬಲಗಡೆ ಹಾಕು."

ಅಷ್ಟೇ. ನೀರಿನ ಪೈಪು ಸುತ್ತಿಟ್ಟು ಒಳಗೆ ಹೋದರು. ಇವರ ಜೊತೆ ಇರಬಹುದು ಅನ್ನಿಸಿತು.

ಅವರಿಗೆ ಮನುಷ್ಯರು ಕಾಣುತ್ತಿದ್ದದ್ದೇ ಒಳಗಿನಿಂದ. ಪರಿಚಯದವರ ವಿಷಯ ಹೇಳುವಾಗ ಬಣ್ಣ, ಎತ್ತರ, ನೌಕರಿ ಯಾವುದೂ ಬರುತ್ತಿರಲಿಲ್ಲ. "ಆವಮ್ಮನಾ? ಒಳ್ಳೇ ಪಕ್ಕೆಲುಬು" ಎನ್ನುತ್ತಿದ್ದರು. ಒಮ್ಮೆ ಮಾತ್ರ ನನ್ನ ಮದುವೆಯ ವಿಷಯಕ್ಕೆ ಬಂದರು. "ಒಬ್ಬ ಹುಡುಗ ಅವ್ನೆ, ಇಲ್ಲೇ ಹತ್ತಿರ. ಬೆನ್ನುಮೂಳೆ ಅಂದ್ರೆ ಸ್ಕೇಲು ಇಟ್ಟಂಗೆ. ನಾನೇ ತೆಗೆದಿದ್ದು ಎಕ್ಸ್‌ರೇ."

"ಯಾರು?" ಎಂದೆ, ಬರೀ ಕುತೂಹಲಕ್ಕೆ.

"ಹೆಸರು ಹೇಳಂಗಿಲ್ಲ. ಪೇಷೆಂಟ್ ವಿಷಯ, ಕಾನೂನು ಐತೆ."

ಹೀಗೆ ಆ ಸಂಬಂಧ ಅಲ್ಲಿಗೇ ನಿಂತಿತು. ಇಂದಿಗೂ ಅಂಗಡಿಯ ಸಾಲಿನಲ್ಲಿ ನೆಟ್ಟಗೆ ನಿಂತ ಯಾರನ್ನಾದರೂ ಕಂಡರೆ ಒಂದು ಕ್ಷಣ ಅನುಮಾನ ಬರುತ್ತದೆ.

ಮಂಡ್ಯದ ಕಡೆಯವರು. ನಲವತ್ತು ವರ್ಷ ಅಮೆರಿಕದಲ್ಲಿದ್ದರೂ ಅವರ ಮಾತಿನಿಂದ ಮಂಡ್ಯವನ್ನು ಯಾರೂ ಹೊರಗೆ ಕಳಿಸಲು ಆಗಿರಲಿಲ್ಲ. ಆದರೆ ಒಂದು ಮಾತನ್ನು ಮಾತ್ರ ಅವರು ಶುದ್ಧ ಆಸ್ಪತ್ರೆಯ ದನಿಯಲ್ಲಿ ಹೇಳುತ್ತಿದ್ದರು: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ. ಈಗ ಬಿಡಿ." ಅದು ಎಲ್ಲದಕ್ಕೂ ಔಷಧಿ. ನಾನು ಮೊದಲ ದಿನ ಕೆಲಸಕ್ಕೆ ಹೊರಟ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಿಸಿ ಹೇಳಿದರು. ಒಗ್ಗರಣೆಯಲ್ಲಿ ಮೆಣಸಿನಕಾಯಿ ಘಾಟು ಎದ್ದಾಗ ಹೇಳುತ್ತಿದ್ದರು. ಆಗ ಮಾತ್ರ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತಿತ್ತು.

ಸೈಕಲ್ಲು ಬಂದದ್ದು ಬುಟ್ಟಿಯಿಂದ. ನಿವೃತ್ತಿಯಾದ ವರ್ಷ, ಬೀದಿಯ ಕೊನೆಯ ಮನೆಯವರು ಹಳೆಯ ಸಾಮಾನು ಮಾರಲು ಹೊರಗೆ ಇಟ್ಟಿದ್ದರಂತೆ. ಅದರಲ್ಲಿ ಒಂದು ಸೈಕಲ್ಲು, ಅದರ ಮುಂದೆ ಬೆತ್ತದ ಬುಟ್ಟಿ. ಇವರಿಗೆ ಈರುಳ್ಳಿ ಹಾಕಿಡಲು ಒಂದು ಬುಟ್ಟಿ ಬೇಕಿತ್ತು. "ಬುಟ್ಟಿ ಮಾತ್ರ ಕೊಡ್ತೀರಾ ಅಂದೆ. ಬುಟ್ಟಿ ಬೇಕಾದ್ರೆ ಸೈಕಲ್ಲೂ ತಗೊಂಡೋಗಿ ಅಂದ್ರು." ತಳ್ಳಿಕೊಂಡು ಬಂದರು. ಒಂದು ವಾರ ಈರುಳ್ಳಿ ಬುಟ್ಟಿಯಲ್ಲಿ, ಬುಟ್ಟಿ ಸೈಕಲ್ಲಿನಲ್ಲಿ, ಸೈಕಲ್ಲು ಅಡುಗೆಮನೆಯಲ್ಲಿ ಇತ್ತು. ಎಂಟನೆಯ ದಿನ, ಇಷ್ಟು ಜಾಗ ತಿನ್ನೋ ವಸ್ತುವನ್ನು ಉಪಯೋಗಿಸಬೇಕು ಅನ್ನಿಸಿತಂತೆ.

ಭಾನುವಾರಗಳಲ್ಲಿ ಪ್ಲೆಸೆಂಟನ್ನಿನ ಆಫೀಸುಗಳ ಪಾರ್ಕಿಂಗು ಖಾಲಿ ಮೈದಾನದ ಹಾಗೆ ಬಿದ್ದಿರುತ್ತದೆ. ಅಲ್ಲಿ ಕಲಿತರು. ಚೂಡಿದಾರದ ಕಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು, ತಲೆಗೆ ಹೆಲ್ಮೆಟ್ಟು, ಹೆಲ್ಮೆಟ್ಟಿನ ಒಳಗೆ ಉಣ್ಣೆಯ ಟೋಪಿ. ಆದರೆ ಪಾರ್ಕಿಂಗಿನಲ್ಲಿ ಯಾವಾಗಲೂ ಎಡಕ್ಕೇ ಸುತ್ತು ಹೊಡೆದದ್ದರಿಂದ ಅವರಿಗೆ ಎಡಕ್ಕೆ ತಿರುಗಲು ಮಾತ್ರ ಬಂತು. ಬಲಕ್ಕೆ ತಿರುಗಿದರೆ ಬೀಳುತ್ತಿದ್ದರು. ಏಳು ತಿಂಗಳು ಅವರು ಬಲಗಡೆಯ ಗ್ರೋಸರಿ ಅಂಗಡಿಗೆ ಮೂರು ಸಲ ಎಡಕ್ಕೆ ತಿರುಗಿ ಹೋದರು. ನಡೆದರೆ ಐದು ನಿಮಿಷದ ದಾರಿ, ಸೈಕಲ್ಲಿನಲ್ಲಿ ಇಪ್ಪತ್ತೆರಡು. ನಾನು ಗಡಿಯಾರ ನೋಡಿದ್ದೇನೆ. ಬಲಕ್ಕೆ ತಿರುಗಲು ಬಂದ ದಿನ ನನ್ನ ಕಿಟಕಿ ಬಡಿದು ಒಂದು ಬಟ್ಟಲು ಕೇಸರಿಬಾತು ಕೊಟ್ಟು ಹೋದರು. ಏನು ವಿಶೇಷ ಎಂದು ಕೇಳಿದ್ದಕ್ಕೆ "ಬಲ" ಎಂದರು.

ಒಬ್ಬಳೇ ಮಗಳು. ಸ್ಯಾನ್ ಮಟಿಯೋದಲ್ಲಿ ಚರ್ಮದ ಡಾಕ್ಟರು. ಇಲ್ಲೇ ಹುಟ್ಟಿದವರು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷು. ಬಾಯಲ್ಲಿ ಕನ್ನಡ ಬರುವುದು ಎರಡೇ ಹೊತ್ತಿನಲ್ಲಿ, ತುಂಬ ಹಸಿದಾಗ ಮತ್ತು ಅಳು ಬಂದಾಗ ಎಂದು ತಾಯಿ ಹೇಳುತ್ತಿದ್ದರು. ಅಮ್ಮ ಲೈಬ್ರರಿಯ ಮುಂದೆ ಸೈಕಲ್ಲಿನಿಂದ ಬಿದ್ದ ದಿನ ಆಕೆ ಬಂದದ್ದನ್ನು ನಾನು ನೋಡಿದ್ದೇನೆ. ಫ್ರೀವೇಯಲ್ಲಿ ಹೇಗೆ ಓಡಿಸಿಕೊಂಡು ಬಂದಿರಬೇಕೆಂದು ಕಾರು ನಿಲ್ಲಿಸಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಬಿದ್ದವರು ಅಷ್ಟರಲ್ಲಿ ತಮ್ಮ ವರದಿ ತಾವೇ ಕೊಟ್ಟಾಗಿತ್ತು. "ಎಡ ಮಣಿಕಟ್ಟು. ಬಿರುಕು, ಮುರಿತ ಅಲ್ಲ. ಆರು ವಾರ." ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಯುವಕನಿಗೆ ಕೈಯನ್ನು ಯಾವ ಕೋನದಲ್ಲಿ ಇಡಿಸಬೇಕೆಂದು ಹೇಳಿಕೊಟ್ಟು, ಅವನು "ಉಸಿರು ಹಿಡೀರಿ" ಅಂದದ್ದಕ್ಕೆ "ಮಣಿಕಟ್ಟಿಗೆ ಯಾಕಪ್ಪ ಉಸಿರು" ಎಂದು ತಿದ್ದಿ ಬಂದರು. ವರದಿಯಲ್ಲಿ ಬಿರುಕೇ ಇತ್ತು.

ಮನೆಗೆ ಬಂದ ಮೇಲೆ ಮಗಳು ಅಂದರು: "ಅಮ್ಮಾ, ದಟ್ಸ್ ಇಟ್. ದ ಬೈಕ್ ಗೋಸ್. ಯು ಆರ್ ಸಿಕ್ಸ್ಟಿಸಿಕ್ಸ್."

"ನೀನು ಚರ್ಮದ ಡಾಕ್ಟ್ರು. ಮೂಳೆ ವಿಷಯ ನಂಗೆ ಬುಡು."

ಇದು ಯುಗಾದಿಯವರೆಗೆ ನಡೆಯಿತು. ಹಬ್ಬದ ಊಟಕ್ಕೆ ನನ್ನನ್ನೂ ಕೂರಿಸಿಕೊಂಡಿದ್ದರು. ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಹೊತ್ತಿಗೆ ಮಗಳು ಮತ್ತೆ ಸೈಕಲ್ಲಿನ ಮಾತು ತೆಗೆದರು. ತಾಯಿ ತುಪ್ಪದ ಚಮಚ ಕೆಳಗಿಟ್ಟರು.

ಆ ವಾರ ಅವರು ಕಾಲುವೆ ಪಕ್ಕದ ಸೈಕಲ್ ದಾರಿಯಲ್ಲಿ ನಾಲ್ಕು ಜನ ಬಿಳಿಕೂದಲಿನವರನ್ನು ಕಂಡಿದ್ದರು. ಸೈಕಲ್ಲಿನ ಎರಡೂ ಕಡೆ ಚೀಲ, ಹಿಂದೆ ಸುತ್ತಿಟ್ಟ ಹಾಸಿಗೆ. ಎಲ್ಲಿಗೆ ಎಂದು ನಿಲ್ಲಿಸಿ ಕೇಳಿದ್ದರು. ಒಂದು ರಾತ್ರಿ ಟೆಂಟಿನಲ್ಲಿ ಮಲಗಿ ನಾಳೆ ವಾಪಸ್ಸು ಎಂದಿದ್ದರು ಅವರು. ಅದು ತಲೆಯಲ್ಲಿ ಕೂತಿತ್ತು.

"ಸರಿ. ಪಂದ್ಯ" ಎಂದರು ಮಗಳಿಗೆ. "ಲಿವರ್ಮೋರ್ ಆಚೆ ಕೆರೆ ಐತಲ್ಲ, ಅಲ್ಲಿಗೆ ಸೈಕಲ್ಲಲ್ಲಿ ಹೋಗಿ, ಟೆಂಟ್ ಹಾಕಿ, ಒಂದು ರಾತ್ರಿ ಇದ್ದು, ಸೈಕಲ್ಲಲ್ಲೇ ಬತ್ತೀನಿ. ನಡುವೆ ಯಾರನ್ನೂ ಸಹಾಯಕ್ಕೆ ಕರೆಯಾಕಿಲ್ಲ. ಕರೆದ್ರೆ ಸೈಕಲ್ ನೀನೇ ತಗೊಂಡೋಗಿ ಯಾರಿಗಾದ್ರೂ ಕೊಟ್ಬುಡು. ಕರೀದೇ ಬಂದ್ರೆ ಸಾಯೋತಂಕ ನನ್ನ ಸೈಕಲ್ ಸುದ್ದಿಗೆ ಬರಬ್ಯಾಡ."

ಮಗಳು ಯೋಚಿಸಿದರು. "ನಾಟ್ ಅಲೋನ್."

ಇಬ್ಬರೂ ನನ್ನ ಕಡೆ ನೋಡಿದರು. 'ಇಲ್ಲ' ಅನ್ನುವುದನ್ನು ನಾನು ಮನಸ್ಸಿನಲ್ಲಿ ಬಹಳ ಸ್ಪಷ್ಟವಾಗಿ ಹೇಳುತ್ತೇನೆ. ಹೊರಗೆ ಕೇಳಿಸಿದ್ದು "ಯಾವ ವಾರ?" ಎಂದು.

ತಯಾರಿಗೆ ನಾನು ಒಂದು ಪಟ್ಟಿ ಮಾಡಿದೆ. ಯಾವ ವಸ್ತು, ಎಷ್ಟು ತೂಕ, ಯಾರ ಸೈಕಲ್ಲಿನಲ್ಲಿ. ಅವರು ಪಟ್ಟಿ ಓದಿ ಮೆಚ್ಚಿ, ಮಡಿಸಿ ಅಲುಗಾಡುತ್ತಿದ್ದ ಊಟದ ಮೇಜಿನ ಕಾಲಿಗೆ ಕೊಟ್ಟರು. ಆಮೇಲೆ ತಮ್ಮ ಪಟ್ಟಿಯ ಪ್ರಕಾರ ಕಟ್ಟಿದರು: ಚಪಾತಿ ಇಪ್ಪತ್ತೆರಡು, ಚಿತ್ರಾನ್ನ, ಕಡಲೇಬೀಜದ ಚಟ್ನಿಪುಡಿ, ಒಂದು ಬಾಟಲಿ ಕಾಫಿ ಡಿಕಾಕ್ಷನ್, ಎರಡು ಫ್ಲಾಸ್ಕು ಹಾಲು, ಒಂದು ಪುಟ್ಟ ಸ್ಟೀಲು ಪಾತ್ರೆ, ಅರಿಶಿನ, ಕುಂಕುಮ.

"ಎರಡು ಫ್ಲಾಸ್ಕ್ ಹಾಲು ಯಾಕೆ?"

"ಒಂದು ಬೆಳಿಗ್ಗೆ ಕಾಫಿಗೆ. ಇನ್ನೊಂದು ಆಮೇಲೆ ಹೇಳ್ತೀನಿ."

ಮೇ ತಿಂಗಳ ಒಂದು ಶನಿವಾರ ಹೊರಟೆವು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದರು. ಅವರದು ಎರಡನ್ನೂ ನೀಟಾಗಿ ಅಪ್ಪಚ್ಚಿ ಮಾಡಿ ಮುಂದೆ ಹೋಯಿತು. ನನ್ನ ತೆಳು ಟಯರು ಮೊದಲನೆಯ ಹಣ್ಣಿನ ಮೇಲೇ ಜಾರಿ, ಮನೆಯ ಗೇಟು ದಾಟುವ ಮೊದಲೇ ನಾನು ಹುಲ್ಲಿನ ಮೇಲೆ ಕೂತಿದ್ದೆ. "ದೃಷ್ಟಿ ಹೋಯ್ತು ಬುಡು" ಎಂದರು. "ಮೂಳೆಗೇನೂ ಆಗಿಲ್ಲ, ಏಳು."

ದ್ರಾಕ್ಷಿತೋಟಗಳವರೆಗೆ ದಾರಿ ಸಮ. ಅವರು ಬೆಲ್ಲು ಬಾರಿಸುತ್ತಿರಲಿಲ್ಲ. ಬೆಲ್ಲು ಹೊಡೆದರೆ ಜನ ಬೆಚ್ಚುತ್ತಾರೆ, ಬೆಚ್ಚಿದರೆ ಕತ್ತು ಉಳುಕುತ್ತದೆ ಎಂದು "ಒಸಿ ಜರುಗಿ, ಒಸಿ ಜರುಗಿ" ಎಂದು ಕೂಗುತ್ತಿದ್ದರು. ಕ್ಯಾಲಿಫೋರ್ನಿಯಾದ ಜನ ಒಸಿ ಜರುಗುತ್ತಿದ್ದರು.

ಕೆರೆಗೆ ಮೊದಲು ಒಂದು ಗುಡ್ಡವಿದೆ. ಒಣಹುಲ್ಲಿನ ಹೊಂಬಣ್ಣದ ಗುಡ್ಡ, ದೂರದಿಂದ ಚೆಂದ. ಕಾಲು ಭಾಗ ಏರಿದ ಮೇಲೆ ಅವರು ಇಳಿದು ತಳ್ಳತೊಡಗಿದರು. ನಾನು ಅದಕ್ಕಿಂತ ಸ್ವಲ್ಪ ಮೊದಲೇ ಇಳಿದಿದ್ದೆ. ಮೈಗೆ ಅಂಟುವ ಬಣ್ಣದ ಬಟ್ಟೆಯ ಸವಾರನೊಬ್ಬ ಸರ್ರನೆ ದಾಟುತ್ತಾ "ಗುಡ್ ಜಾಬ್!" ಎಂದ. ಇವರು ಇಂಗ್ಲಿಷಿನಲ್ಲಿ ಹಿಂದಿನಿಂದ ಕೂಗಿದರು, ನಿನ್ನ ಬಲ ಮೊಣಕಾಲು ಒಳಕ್ಕೆ ಬರ್ತಾ ಇದೆ, ಸೀಟು ಎತ್ತರ ಮಾಡ್ಕೋ ಎಂದು. ಮೇಲೆ ಹೋದಾಗ ಆ ಮನುಷ್ಯ ರಸ್ತೆ ಪಕ್ಕದಲ್ಲಿ ನಿಂತು ಸೀಟು ಎತ್ತರ ಮಾಡಿಕೊಳ್ಳುತ್ತಿದ್ದ.

ನಮ್ಮ ಜಾಗ ಒಂದು ಓಕ್ ಮರದ ಕೆಳಗೆ. ಟೆಂಟಿನ ಬಾಗಿಲು ಪೂರ್ವಕ್ಕಿರಬೇಕು ಎಂದರು. ಪೂರ್ವಕ್ಕೆ ಟಾಯ್ಲೆಟ್ಟು ಇತ್ತು, ಪಶ್ಚಿಮಕ್ಕೆ ಕೆರೆ. ಕೆರೆ ಕಾಣುವ ಹಾಗೆ ಹಾಕೋಣ ಎಂದೆ. "ಹೊಸ ಮನೆ ಕಣವ್ವ, ಆಟ ಆಡ್ಬೇಡ" ಎಂದರು. ಟಾಯ್ಲೆಟ್ಟಿನ ಕಡೆಗೆ ಹಾಕಿದೆವು. ಬಾಗಿಲಿಗೆ ಅರಿಶಿನ ಕುಂಕುಮ ಇಟ್ಟರು. ನೈಲಾನಿಗೆ ಅದು ಎಷ್ಟು ಚೆನ್ನಾಗಿ ಹತ್ತಿತೆಂದರೆ ಇಂದಿಗೂ ಹೋಗಿಲ್ಲ.

ಆಮೇಲೆ ಎರಡನೆಯ ಫ್ಲಾಸ್ಕು ಹೊರಗೆ ಬಂತು.

ಹೊಸ ಮನೆಯಲ್ಲಿ ಹಾಲು ಉಕ್ಕಿಸದೆ ಯಾರೂ ಮಲಗುವುದಿಲ್ಲ. ಅದು ನನಗೂ ಗೊತ್ತು. ಆದರೆ ನಮ್ಮ ಹತ್ತಿರ ಇದ್ದದ್ದು ಅಂಗೈ ಅಗಲದ ಕ್ಯಾಂಪಿಂಗ್ ಒಲೆ, ಗ್ಯಾಸಿನ ಡಬ್ಬದ ಮೇಲೆ ತಿರುಗಿಸಿ ಕೂರಿಸುವಂಥದ್ದು. ಒಲೆ ಚಿಕ್ಕದು, ಹಾಲು ಕೆಳಗೆ ಚೆಲ್ಲಿದರೆ ಬರ್ನರಿನೊಳಗೆ ಹೋಗುತ್ತದೆ ಎಂದೆ.

"ಉಕ್ಕೋದು ಅಂದ್ರೆ ಒಂದು ಹನಿ. ನಾನು ಸರಿಯಾಗಿ ನೋಡ್ಕೊಂಡು ಎತ್ತೀನಿ."

ಇಬ್ಬರೂ ಪಾತ್ರೆಯನ್ನೇ ನೋಡುತ್ತಾ ಕುಕ್ಕರಗಾಲಿನಲ್ಲಿ ಕೂತೆವು. ಕೆನೆ ಕಟ್ಟಿತು, ಅಂಚಿನಲ್ಲಿ ಗುಳ್ಳೆ ಎದ್ದಿತು. "ಉಸಿರು ಎಳ್ಕೊ" ಎಂದರು. ಎಳೆದುಕೊಂಡೆ. "ಹಿಡ್ಕೊ. ಅಲ್ಲಾಡಬೇಡ." ಹಾಲು ಮೇಲೆದ್ದಿತು. ಮೂವತ್ತು ವರ್ಷದ ಅಭ್ಯಾಸ. ಅಲ್ಲಾಡಬೇಡ ಎಂದು ಹೇಳಿದ ಮೇಲೆ ಅವರೂ ಅಲ್ಲಾಡಲಿಲ್ಲ. ಅರ್ಧ ಲೀಟರು ಹಾಲು ಪೂರ್ತಿ ಉಕ್ಕಿ ಒಲೆಯ ಮೇಲೆ ಇಳಿದು, ಬುಸ್ ಎಂದು, ಸುಟ್ಟ ವಾಸನೆ ಎಬ್ಬಿಸಿ, ಒಲೆ ತಣ್ಣಗಾಯಿತು.

"ಈಗ ಬಿಡು" ಎಂದರು, ಮೆಲ್ಲಗೆ.

ಇಡೀ ಗೃಹಪ್ರವೇಶ ಶಾಸ್ತ್ರೋಕ್ತವಾಗಿತ್ತು. ಹಾಲು ಉಕ್ಕಿದ್ದು ಪೂರ್ವದ ಕಡೆಗೇ. ಆದರೆ ಬರ್ನರಿನ ತೂತುಗಳಲ್ಲಿ ಹಾಲು ಕಟ್ಟಿಕೊಂಡಿತು, ಒಲೆ ಮತ್ತೆ ಹತ್ತಲಿಲ್ಲ. ಸೇಫ್ಟಿಪಿನ್ನಿನಿಂದ ಕೆದಕಿದೆವು. ಊದಿದೆವು. ಆಗಲಿಲ್ಲ.

ಸುಟ್ಟ ವಾಸನೆಗೆ ಪಾರ್ಕಿನ ರೇಂಜರು ಬಂದ. ಎತ್ತರದ, ಗಂಭೀರ ಮನುಷ್ಯ. ಏನಾಯಿತು ಎಂದು ಕೇಳಿದ. "ಹೌಸ್ ವಾರ್ಮಿಂಗ್" ಎಂದರು ಇವರು. ಅವನು ಟೆಂಟು ನೋಡಿದ, ಕುಂಕುಮ ನೋಡಿದ, ಟೋಪಿ ತೆಗೆದು ಅಭಿನಂದಿಸಿದ. ಇವರು ಅವನ ಭುಜವನ್ನೇ ನೋಡುತ್ತಿದ್ದರು. "ನಿನ್ನ ಕಾಲರ್‌ಬೋನು ಯಾವತ್ತೋ ಮುರಿದಿತ್ತು. ಸರಿಯಾಗಿ ಕೂಡಿಲ್ಲ." ಹತ್ತೊಂಬತ್ತನೇ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದಿದ್ದೆ, ನನ್ನ ಹೆಂಡತಿಗೂ ಗೊತ್ತಿಲ್ಲ ಎಂದ. ಎರಡು ಚಪಾತಿ ಚಟ್ನಿಪುಡಿ ಹಾಕಿ ಸುತ್ತಿ ಕೊಟ್ಟರು. ರಾತ್ರಿ ರಕೂನು ಎಂಬ ಕಳ್ಳ ಪ್ರಾಣಿಗಳು ಬರುತ್ತವೆ, ತಿಂಡಿಯನ್ನೆಲ್ಲ ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ ಎಂದು ಹೇಳಿ, ತಿನ್ನುತ್ತಾ ಹೋದ.

ರಾತ್ರಿಯ ಊಟಕ್ಕೆ ಒಲೆ ಬೇಕಿರಲಿಲ್ಲ. ತೊಂದರೆ ಇದ್ದದ್ದು ಬೆಳಗಿನ ಕಾಫಿಗೆ. ಎದ್ದ ಹತ್ತು ನಿಮಿಷದಲ್ಲಿ ಬಿಸಿ ಕಾಫಿ ಸಿಗದಿದ್ದರೆ ಅವರ ತಲೆ ಸೀಳುತ್ತಿತ್ತು; ಆ ಸ್ಥಿತಿಯಲ್ಲಿ ಹದಿಮೂರು ಮೈಲಿ ತುಳಿಯುವುದು ಸಾಧ್ಯವಿರಲಿಲ್ಲ. ಪಕ್ಕದ ಟೆಂಟಿನವರ ಹತ್ತಿರ ದೊಡ್ಡ ಒಲೆ ಇತ್ತು. ಬೆಳಿಗ್ಗೆ ಒಂದು ಲೋಟ ಹಾಲು ಬಿಸಿ ಮಾಡಿಸಿಕೊಂಡು ಬರುತ್ತೇನೆ ಎಂದೆ. ನನ್ನಂಥವಳು ಅಪರಿಚಿತರನ್ನು ಏನಾದರೂ ಕೇಳಲು ಒಪ್ಪುವುದು ಸಣ್ಣ ಮಾತಲ್ಲ.

"ಬ್ಯಾಡ. ಅದು ಸಹಾಯ ಆಯ್ತದೆ."

"ಮಗಳಿಗೆ ಹೇಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತದಲ್ಲ."

ಟೆಂಟಿನೊಳಗೆ ಮಲಗಿದ ಮೇಲೆ, ದೀಪ ಆರಿಸಿ, ಅವರು ಒಂದು ಮಾತು ಹೇಳಿದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ. "ಮೂವತ್ತು ವರ್ಷ ಜನಕ್ಕೆ ಅಲ್ಲಾಡಬೇಡಿ ಅಲ್ಲಾಡಬೇಡಿ ಅಂತ ಹೇಳ್ದೆ ಕಣವ್ವ. ಈಗ ಮಗಳು ನಂಗೆ ಅದನ್ನೇ ಹೇಳ್ತಾಳೆ. ನಾನಾದ್ರೂ ಆಮೇಲೆ 'ಈಗ ಬಿಡಿ' ಅಂತಿದ್ದೆ. ಅವಳು ಅನ್ನಾಕಿಲ್ಲ."

ಸ್ವಲ್ಪ ಹೊತ್ತಿಗೆ ಅವರು ಗೊರಕೆ ಹೊಡೆಯತೊಡಗಿದರು. ಅದೂ ಎಳೆದು, ಹಿಡಿದು, ಬಿಟ್ಟು.

ಬೆಳಿಗ್ಗೆ ಆರಕ್ಕೆ ಅವರು ಹೊರಗೆ ಬೆಂಚಿನ ಮೇಲೆ ತಣ್ಣನೆಯ ಡಿಕಾಕ್ಷನ್ ಬಾಟಲಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಉಜ್ಜುತ್ತಾ ಕೂತಿದ್ದರು, ಬಿಸಿಯಾಗಲಿ ಎಂದು. ಮುಖ ಕಪ್ಪಿಟ್ಟಿತ್ತು. ಒಂದು ಕಡೆ ತಲೆ ಒತ್ತಿಕೊಳ್ಳುತ್ತಿದ್ದರು. ಇವರು ಗುಡ್ಡ ಹತ್ತುವುದಿಲ್ಲ, ಈಗಲಾದರೂ ಪಕ್ಕದ ಟೆಂಟಿಗೆ ಹೋಗಿ ಕೇಳಿಬಿಡಲೇ ಎಂದು ಎದ್ದೆ.

ಆಗ ಮರಗಳ ನಡುವಿನಿಂದ ಯಾರೋ ನಡೆದು ಬಂದರು. ಕಾರಿನ ಸೀಟಿನ ಹೊದಿಕೆಯನ್ನು ಮೈಗೆ ಸುತ್ತಿಕೊಂಡಿದ್ದರು. ಕಾಲಲ್ಲಿ ಕ್ಲಿನಿಕ್ಕಿನ ಶೂ. ಕೂದಲಲ್ಲಿ ಓಕ್ ಎಲೆ. ಹತ್ತಿರ ಬಂದ ಮೇಲೆ ಗೊತ್ತಾಯಿತು, ಮಗಳು.

ನಮ್ಮ ಎದುರು ನಿಂತು ಕನ್ನಡದಲ್ಲಿ ಹೇಳಿದರು: "ಅಮ್ಮಾ, ಹಸಿವು."

ತಾಯಿ ಎದ್ದು ನಿಂತರು. ಮಗಳ ಬಾಯಿಂದ ಒಮ್ಮೆಗೇ ಎಲ್ಲವೂ ಬರಲು ನೋಡಿತು, ಯಾವುದೂ ಬರಲಿಲ್ಲ.

"ಉಸಿರು ಎಳ್ಕೊ" ಎಂದರು ತಾಯಿ. "ಹಿಡ್ಕೊ. ಈಗ ಬಿಡು. ಬಿಟ್ಟು ಹೇಳು."

ಹೇಳಿದರು. ಹಿಂದಿನ ಸಂಜೆಯೇ ಬಂದಿದ್ದರಂತೆ, ನಮಗೆ ಕಾಣದ ಹಾಗೆ, ಕೆಳಗಿನ ಪಾರ್ಕಿಂಗಿಗೆ. ಅಮ್ಮ ಏನಾದರೂ ಬಿದ್ದು ಗಿದ್ದರೆ ಹತ್ತಿರವಿರಲಿ ಎಂದು. ರಾತ್ರಿಯೆಲ್ಲ ಕಾರಿನೊಳಗೆ ದೀಪ ಹಾಕಿಕೊಂಡು, ಸೀಟು ಬಿಸಿ ಮಾಡಿಕೊಂಡು, ಫೋನಿನಲ್ಲಿ ಸಿಗ್ನಲ್ಲು ಹುಡುಕುತ್ತಾ ಕೂತಿದ್ದರು. ಸಿಗ್ನಲ್ಲು ಸಿಗಲಿಲ್ಲ. ಬ್ಯಾಟರಿ ಇಳಿದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ತಿನ್ನಲು ಏನೂ ತಂದಿರಲಿಲ್ಲ.

"ಡೋಂಟ್ ಲಾಫ್" ಎಂದರು ಕೊನೆಗೆ.

"ಯಾರು ನಗ್ತಾವ್ರೆ?" ಎಂದರು ತಾಯಿ. ನಿಜವಾಗಿಯೂ ನಗಲಿಲ್ಲ. ನಾನು ಟೆಂಟಿನ ಹಿಂದಕ್ಕೆ ಹೋಗಿ ಒಂದು ಗೂಟ ಸರಿಪಡಿಸಿದೆ.

ಕಬ್ಬಿಣದ ಪೆಟ್ಟಿಗೆ ತೆಗೆದು ಮಗಳ ಮುಂದೆ ಚಪಾತಿ ಇಟ್ಟರು. ಆರು ಚಪಾತಿ ತಿಂದರು, ಚರ್ಮದ ಡಾಕ್ಟರು. ಅಷ್ಟರಲ್ಲಿ ತಾಯಿ ತಲೆನೋವು ಮರೆತು ಹೆಲ್ಮೆಟ್ಟು ಹಾಕಿಕೊಂಡಾಗಿತ್ತು.

"ಎಲ್ಲಿಗೆ?"

"ರೇಂಜರ್ ಹತ್ರ. ನಿನ್ನ ಕಾರಿನ ಬ್ಯಾಟರಿಗೆ ಕೇಬಲ್ ತರಾಕೆ."

ಮಗಳು ಬಾಯಲ್ಲಿ ಚಪಾತಿ ಇಟ್ಟುಕೊಂಡೇ ತಲೆ ಎತ್ತಿದರು. "ದಟ್ಸ್ ಆಸ್ಕಿಂಗ್ ಫಾರ್ ಹೆಲ್ಪ್, ಅಮ್ಮಾ."

"ಹೌದು. ನಿಂಗೆ."

ಇಪ್ಪತ್ತು ನಿಮಿಷದ ಮೇಲೆ ಬಂದದ್ದನ್ನು ನಾನು ಮರೆಯುವುದಿಲ್ಲ. ಮುಂದೆ ಸೈಕಲ್ಲು, ರಸ್ತೆಯ ನಟ್ಟನಡುವೆ. ಕೆಂಪು ಕಪ್ಪು ಕೇಬಲ್ಲುಗಳನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡಿದ್ದರು. ಹಿಂದೆ ರೇಂಜರಿನ ದೊಡ್ಡ ಪಿಕಪ್ಪು, ದಾಟಲು ಜಾಗವಿಲ್ಲದೆ, ಹಳದಿ ದೀಪ ಮಿನುಗಿಸುತ್ತಾ ನಡಿಗೆಯ ವೇಗದಲ್ಲಿ. ಅವನ ಹಿಂದೆ ದೋಣಿ ಎಳೆದುಕೊಂಡು ಹೊರಟ ಮೂರು ಕಾರುಗಳು. ಮಗಳ ಕಾರಿದ್ದ ಪಾರ್ಕಿಂಗಿಗೆ ಬಲಕ್ಕೆ ತಿರುಗಬೇಕಿತ್ತು. ಕಾಫಿ ಇಲ್ಲದ ದಿನ ಅವರು ಬಲವನ್ನು ನಂಬಲಿಲ್ಲ. ನೇರ ಮುಂದೆ ಹೋಗಿ, ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ ಇಡೀ ಕ್ಯಾಂಪ್‌ಗ್ರೌಂಡು ಸುತ್ತಿ ಬಂದರು. ಇಡೀ ಮೆರವಣಿಗೆ ಹಿಂದೆಯೇ ಸುತ್ತಿತು. ಟೆಂಟುಗಳಿಂದ ಜನ ಎದ್ದು ಕೈಬೀಸಿದರು.

ಕಾರು ಹೊರಟ ಮೇಲೆ ಮಗಳು, ಬನ್ನಿ, ಲಿವರ್ಮೋರಿನಲ್ಲಿ ಕಾಫಿ ಕುಡಿಯೋಣ, ಸೈಕಲ್ಲುಗಳು ಹಿಂದೆ ಹಿಡಿಸುತ್ತವೆ ಎಂದರು. ತಾಯಿ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ, "ನೀವು ನಡೀರಿ. ನಾನು ಸೈಕಲ್ಲಲ್ಲಿ ಬತ್ತೀನಿ ಅಂದಿದ್ದೆ" ಎಂದರು.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ನಾನು ಕಾರಿನಲ್ಲಿ ಹೋದೆ. ಪಂದ್ಯ ಅವರದು, ನನ್ನದಲ್ಲ. ಗುಡ್ಡದ ಮೇಲೆ ಅವರನ್ನು ದಾಟುವಾಗ ನಾನು ಸೀಟಿನಲ್ಲಿ ಸ್ವಲ್ಪ ಕೆಳಗೆ ಸರಿದು ಕೂತೆ. ಅವರು ನೋಡಿದರು. "ಭುಜ ನೆಟ್ಟಗೆ!" ಎಂದು ಕೂಗಿದ್ದು ಮುಚ್ಚಿದ ಕಿಟಕಿಯಲ್ಲೂ ಕೇಳಿಸಿತು.

ಕಾಫಿ ಅಂಗಡಿಯ ಹೊರಗೆ ಮಗಳೂ ನಾನೂ ಒಂದೂಕಾಲು ಗಂಟೆ ಕಾದೆವು. ಆಕೆ ರಸ್ತೆಯನ್ನೇ ನೋಡುತ್ತಿದ್ದರು. ಎರಡು ಸಲ ಕಾರಿನ ಕೀ ಕೈಗೆ ತಗೊಂಡು ಎರಡು ಸಲವೂ ಕೆಳಗಿಟ್ಟರು. ಕೊನೆಗೆ ದೂರದಲ್ಲಿ "ಒಸಿ ಜರುಗಿ" ಕೇಳಿಸಿತು. ಬಂದವರು ಕೌಂಟರಿನಲ್ಲಿ ಬಿಸಿ ಹಾಲು ಮಾತ್ರ ಕೇಳಿ, ಅದಕ್ಕೆ ತಮ್ಮ ಬಾಟಲಿಯ ಡಿಕಾಕ್ಷನ್ ಬೆರೆಸಿ, ಕಣ್ಣು ಮುಚ್ಚಿ ಕುಡಿದರು. ಲೋಟ ಖಾಲಿಯಾದ ಮೇಲೆ ಮಗಳ ಕಡೆ ತಿರುಗಿದರು.

"ಸೈಕಲ್ಲು?"

"ಓಕೆ, ಅಮ್ಮಾ" ಎಂದರು ಮಗಳು.

ಆಮೇಲೆ ಅವರು ನಾಲ್ಕು ಸಲ ಹಾಗೆ ಹೋದರು. ಎರಡು ಸಲ ನಾನೂ ಇದ್ದೆ. ಪ್ರತಿ ಸಲವೂ ಹಾಲು ಉಕ್ಕಿಸಿದರು, ಟೆಂಟು ಅದೇ ಆದರೂ ಜಾಗ ಹೊಸದಲ್ಲವೇ ಎಂದು. ಅದಕ್ಕಾಗಿ ಬೇರೆಯೇ 'ಉಕ್ಕಿಸುವ ಒಲೆ' ಒಂದನ್ನು ಕೊಂಡಿದ್ದರು. ಕೆಲಸ ಬದಲಾಗಿ ನಾನು ಕ್ಯಾಂಪ್‌ಬೆಲ್‌ಗೆ ಹೊರಟಾಗ ಕರಿಬೇವಿನ ಒಂದು ಗಿಡ ಕೊಟ್ಟು, ಬ್ಯಾಗು ಯಾವ ಭುಜದಲ್ಲಿದೆ ಎಂದು ನೋಡಿ ಕಳಿಸಿದರು.

ಕಳೆದ ತಿಂಗಳು ಮಗಳು ನನ್ನ ಅಪಾರ್ಟ್‌ಮೆಂಟಿಗೆ ಬಂದರು. ಕಾರಿನ ಹಿಂದೆ ಸೈಕಲ್ಲು ಕಟ್ಟಿತ್ತು. ಅಮ್ಮನ ಸೈಕಲ್ಲು ನಿಮಗೇ ಸೇರಬೇಕು, ನಾನು ಇಟ್ಟುಕೊಂಡು ಏನು ಮಾಡಲಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲೋ ಅಭ್ಯಾಸ ಮಾಡಿಕೊಂಡು ಬಂದ ಹಾಗಿತ್ತು. ಇಳಿಸಿ ನಿಲ್ಲಿಸಿದರು. ಬೆತ್ತದ ಬುಟ್ಟಿ, ಬುಟ್ಟಿಯ ಅಂಚಿಗೆ ಸಿಕ್ಕಿಸಿದ ಬಟ್ಟೆಯ ಕ್ಲಿಪ್ಪು ಎಲ್ಲ ಹಾಗೇ ಇದ್ದವು.

ಸೀಟು ಮಾತ್ರ ಹಾಗೇ ಇರಲಿಲ್ಲ. ಅವರು ಕುಳ್ಳಗಿದ್ದರು, ಅವರ ಸೀಟು ಯಾವಾಗಲೂ ತಳಮುಟ್ಟಿ ಕೂತಿರುತ್ತಿತ್ತು. ಈಗ ಅದರ ಕೆಳಗೆ ನಾಲ್ಕು ಬೆರಳಿನಷ್ಟು ಕಂಬಿ ಹೊಳೆಯುತ್ತಿತ್ತು. ಮಗಳು ಎತ್ತರದವರು. ಅವರ ಬಲ ಮೊಣಕೈಯಲ್ಲಿ ತರಚಿದ ಗಾಯ ಒಣಗುತ್ತಿತ್ತು.

"ಬಾಲ್ಕನಿಯಲ್ಲಿ ಜಾಗವೇ ಇಲ್ಲ, ಸಾರಿ" ಎಂದೆ. ಒಂದು ಕುರ್ಚಿ, ಒಂದು ಕರಿಬೇವಿನ ಕುಂಡ ಬಿಟ್ಟರೆ ನನ್ನ ಬಾಲ್ಕನಿಯಲ್ಲಿ ಏನೂ ಇಲ್ಲ.

ಅವರು ಹಿಡಿದಿದ್ದ ಉಸಿರು ಬಿಟ್ಟದ್ದು ಸ್ಪಷ್ಟವಾಗಿ ಕೇಳಿಸಿತು. ಸೈಕಲ್ಲನ್ನು ಮತ್ತೆ ಕಾರಿಗೆ ಕಟ್ಟಲು ಎರಡು ನಿಮಿಷವೂ ಹಿಡಿಯಲಿಲ್ಲ. ಕಾರಿನಲ್ಲಿ ಕೂತು, ಸ್ಟಾರ್ಟ್ ಮಾಡಿ, ಕಿಟಕಿ ಇಳಿಸಿದರು.

"ಅಮ್ಮಂಗೆ ಬಲಕ್ಕೆ ತಿರುಗೋದು ಕಲಿಯೋಕೆ ಎಷ್ಟು ದಿನ ಆಯ್ತು?" ಎಂದು ಕೇಳಿದರು, ಕನ್ನಡದಲ್ಲಿ.

"ಏಳು ತಿಂಗಳು."

"ಓ" ಎಂದರು. "ಹಾಗಾದ್ರೆ ಪರವಾಗಿಲ್ಲ. ನಂಗಿನ್ನೂ ಐದು ತಿಂಗಳಿದೆ."